ಒಂದು ಕಾಳೂ ಹಾಳಾಗದ ಡ್ರಮ್ಮು

ಹಿತ್ತಲಲ್ಲಿ ಕೋಳಿ ಸಾಕುವ ಮನೆಯು ಕಾನೂನಿನ ಕಣ್ಣಿಗೆ ಮನೆಯಲ್ಲ, ಉಗ್ರಾಣ. ಮನೆಯವರು ಅದರೊಳಗೆ ವಾಸ ಮಾಡುವುದಕ್ಕೆ ಇಲಾಖೆಯ ಆಕ್ಷೇಪಣೆ ಏನೂ ಇಲ್ಲ. ಈ ನಿಯಮ ಬಹಳ ವರ್ಷಗಳಿಂದ ಜಾರಿಯಲ್ಲಿದ್ದರೂ ಟೈಲರಮ್ಮನಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲದ್ದರಿಂದ ಅವರು ಸುಖವಾಗಿದ್ದರು.

ಟೈಲರಮ್ಮನದು ಬೀದಿಯ ಮೂಲೆಮನೆ. ಮುಂದಿನ ಕೋಣೆಯ ಕಿಟಕಿಯ ಬಳಿ ಹೊಲಿಗೆ ಮಿಷನ್ನು ಹಾಕಿಕೊಂಡು ಶಾಲೆ ಮಕ್ಕಳ ಯೂನಿಫಾರ್ಮ್ ಹೊಲಿಯುತ್ತಿದ್ದರು. ಗಂಡ ಬಸ್ ಕಂಡಕ್ಟರಾಗಿ ನಿವೃತ್ತಿಯಾದವರು. ಬೀದಿಯವರಿಗೆ ಈಗಲೂ ಕಂಡಕ್ಟರೇ. ಮೊಹರು ಬಿದ್ದ ಕಾಗದ ಯಾವುದೇ ಇರಲಿ, ಎದ್ದು ನಿಂತು ಓದುವ ಮನುಷ್ಯ. ಹಿತ್ತಲ ಗೂಡಿನಲ್ಲಿ ಆರು ಕೋಳಿಗಳಿದ್ದವು. ಅವುಗಳ ಯಜಮಾನಿಕೆಯೆಲ್ಲ ಟೈಲರಮ್ಮನದು. ಕಂಡಕ್ಟರಿಗೆ ಇದ್ದದ್ದು ಸಂಜೆ ಗೂಡಿನ ಬಾಗಿಲಲ್ಲಿ ನಿಂತು, "ಒಳಗ್ ಹೋಗಿ, ಒಳಗ್ ಹೋಗಿ, ಮುಂದೆ ಜಾಗ ಇದೆ" ಎಂದು ಹತ್ತಿಸಿ, ತಲೆ ಎಣಿಸಿ, ಅಗುಳಿ ಹಾಕುವ ಕೆಲಸ ಮಾತ್ರ.

ತೊಂದರೆ ಶುರುವಾದದ್ದು ಮಳೆಗಾಲದಲ್ಲಿ. ಮೆಟ್ಟಿಲ ಕೆಳಗೆ ಬರೀ ನೆಲದ ಮೇಲಿಟ್ಟಿದ್ದ ಕೋಳಿ ಆಹಾರದ ಮೂಟೆಯ ಅಡಿಗೆ ತೇವ ಹತ್ತಿ ಬೂಷ್ಟು ಹಿಡಿಯಿತು. ಮೇಲ್ಗಡೆ ಇಲಿ ತೂತು ಕೊರೆಯಿತು. ಟೈಲರಮ್ಮ ಅದನ್ನು ದೂರ ಒಯ್ದು ಹೂತುಹಾಕಿ, ಹೊಸ ಮೂಟೆ ತಂದು, "ಮುಚ್ಚಳ ಇರೋ ಒಂದು ಡ್ರಮ್ಮು ಸಿಕ್ಕಿದ್ರೆ ಸಾಕಿತ್ತಪ್ಪ" ಎಂದು ಗೊಣಗುತ್ತಿರುವಾಗಲೇ ಬೀದಿಯಲ್ಲಿ ಮೈಕು ಕಟ್ಟಿದ ವ್ಯಾನು ಬಂತು.

"ನಾಗರಿಕರ ಗಮನಕ್ಕೆ! ಹಿತ್ತಲ ಕುಕ್ಕುಟಾಹಾರ ಸಂರಕ್ಷಣಾ ಇಲಾಖೆಯ ಕಾಳು ಕಾಪಾಡಿ ಅಭಿಯಾನ! ಮುಚ್ಚಳ ಸಹಿತ ತಗಡಿನ ಡ್ರಮ್ಮು ಉಚಿತ! ಮುಚ್ಚಳ ಬೇಡವಾದವರು ಪ್ರತ್ಯೇಕವಾಗಿ ಅರ್ಜಿ ಸಲ್ಲಿಸತಕ್ಕದ್ದು!"

ಕಂಡಕ್ಟರು ಎದ್ದು ನಿಂತರು. ಅವತ್ತೇ ಅರ್ಜಿ ಹೋಯಿತು. ಸರ್ಕಾರಿ ಕೆಲಸ ನಿಧಾನ ಎನ್ನುವವರ ಬಾಯಿ ಮುಚ್ಚಿಸುವಂತೆ ಡ್ರಮ್ಮು ಮುಂದಿನ ವಾರವೇ ಬಂತು. ಅದರ ಜೊತೆ ಒಬ್ಬ ಮನುಷ್ಯನೂ ಬರುತ್ತಾನೆಂದು ವ್ಯಾನು ಹೇಳಿರಲಿಲ್ಲ.

ಬಂದವರು ಇಲಾಖೆಯ ಸ್ಟೋರ್‌ಕೀಪರು. ನಡುವಯಸ್ಸು, ಸ್ವಲ್ಪ ಬಾಗಿದ ಬೆನ್ನು, ಸೊಂಟದಲ್ಲಿ ಬೀಗದ ಕೈ, ಬಗಲಲ್ಲಿ ಊಟದ ಡಬ್ಬಿ. ಬೀದಿಯವರು ಎರಡೇ ದಿನದಲ್ಲಿ ಅವರನ್ನು ಸ್ಟೋರಪ್ಪ ಎಂದು ಕರೆಯತೊಡಗಿದರು. ಅವರೂ ಓಗೊಟ್ಟರು.

ಸ್ಟೋರಪ್ಪ ಮೊದಲು ಮನೆಯ ಗೋಡೆಗಳನ್ನೆಲ್ಲ ಅಂಗೈಯಿಂದ ಮುಟ್ಟಿ ನೋಡಿದರು. ಜ್ವರ ನೋಡುವ ಡಾಕ್ಟರ ಹಾಗೆ ಒಂದೊಂದು ಗೋಡೆಯ ಹತ್ತಿರವೂ ಸ್ವಲ್ಪ ಹೊತ್ತು ನಿಂತರು.

"ಆಹಾರ ಒಣಗಿದ ಜಾಗದಲ್ಲಿರಬೇಕು, ಗಾಳಿ ಆಡ್ತಿರಬೇಕು, ಬಿಸಿಲು ತಾಗಬಾರದು, ನೆಲದಿಂದ ಮೇಲಿರಬೇಕು. ಇದು ನಿಯಮ" ಎಂದರು.

"ಒಳ್ಳೆ ನಿಯಮಾನೇ" ಎಂದರು ಟೈಲರಮ್ಮ. ಅದು ನಿಜವಾಗಿಯೂ ಒಳ್ಳೆಯ ನಿಯಮವೇ ಆಗಿತ್ತು.

ಸ್ಟೋರಪ್ಪ ಮಲಗುವ ಕೋಣೆಗೆ ಹೋದರು. ಮಂಚದ ಕಾಲು ಅಲ್ಲಾಡಿಸಿ ನೋಡಿ, ತೃಪ್ತಿಯಿಂದ ತಲೆದೂಗಿದರು. "ಮನೆಗೆಲ್ಲ ಒಣಗಿರೋ ಜಾಗ ಇದೊಂದೇ. ಮಂಚಾನೂ ಗಟ್ಟಿಯಾಗಿದೆ."

"ಅದು ನಾವು ಮಲಗೋ ಮಂಚ!"

"ಮಲಗಿ ಅಮ್ಮ, ಯಾರು ಬೇಡ ಅಂತಾರೆ? ನೆಲದ ಮೇಲೆ ಮಲಗೋದಕ್ಕೆ ಯಾವ ನಿಯಮಾನೂ ಅಡ್ಡ ಬರಲ್ಲ. ತೇವ ತಾಗಿದ್ರೆ ಆಹಾರ ಕೆಡುತ್ತೆ. ನೀವು ಕೆಡಲ್ಲ."

ಟೈಲರಮ್ಮ ಗಂಡನ ಮುಖ ನೋಡಿದರು. ಕಂಡಕ್ಟರು ಆಗಲೇ ಹಾಸಿಗೆ ಸುತ್ತುತ್ತಿದ್ದರು. "ಅವರು ಹೇಳೋದೂ ಸರಿ ಇದೆಯಲ್ಲೇ" ಎಂದರು.

ಗೂಡಿಗೆ ಹಾಸುವ ಒಣಹುಲ್ಲಿಗೆ ಬೆಂಕಿಯ ಭಯ ಇರುವುದರಿಂದ ಅದನ್ನು ಆಹಾರದ ಕೋಣೆಯಲ್ಲಿಡುವಂತಿರಲಿಲ್ಲ. ಒಲೆಯ ಕೋಣೆಯಲ್ಲಂತೂ ಸಾಧ್ಯವೇ ಇರಲಿಲ್ಲ. ಹೀಗಾಗಿ ಹುಲ್ಲಿನ ಹೊರೆಗಳು ಮುಂದಿನ ಕೋಣೆಗೆ ಬಂದವು. ಗಂಡ ಹೆಂಡತಿಯೂ ಅಲ್ಲಿಗೇ ಬಂದರು. ಮೊಟ್ಟೆಯ ಚಿಪ್ಪು ಗಟ್ಟಿಯಾಗಲೆಂದು ಕೊಡುವ ಸುಣ್ಣದ ಚಿಪ್ಪಿನ ಪುಡಿಯನ್ನು ಬೇರೆಯದೇ ಕಪಾಟಿನಲ್ಲಿಡಬೇಕಾಗಿದ್ದರಿಂದ ಕಂಡಕ್ಟರ ಅಂಗಿಗಳು ಮೊಳೆಗೆ ನೇತುಬಿದ್ದವು. ಟೈಲರಮ್ಮ ಹುಲ್ಲಿನ ನಡುವೆಯೇ ಮಿಷನ್ನು ತುಳಿದರು. ಆ ತಿಂಗಳು ಶಾಲೆಯ ಮಕ್ಕಳೆಲ್ಲ ಪಾಠದ ಹೊತ್ತಿನಲ್ಲಿ ಒಂದೇ ಸಮ ಮೈ ಕೆರೆದುಕೊಂಡರು. ಇದಕ್ಕೂ ಇಲಾಖೆಗೂ ಸಂಬಂಧವಿಲ್ಲವೆಂದು ಇಲಾಖೆ ಸ್ಪಷ್ಟಪಡಿಸಿತು.

ಟೈಲರಮ್ಮ ತಾವೇ ಕೊಂಡ ಹೊಸ ಮೂಟೆಯನ್ನು ಮಂಚದ ಮೇಲಿನ ಡ್ರಮ್ಮಿಗೆ ಸುರಿದರು. ಮುಚ್ಚಳ ಬಿತ್ತು, ಬೀಗ ಬಿತ್ತು, ಬೀಗದ ಮೇಲೆ ಅರಗು ಬಿತ್ತು. ಆ ಗಳಿಗೆಯಿಂದ ಅದು ಕೋಳಿ ಆಹಾರವಲ್ಲ, ದಾಸ್ತಾನು.

ಮರುದಿನ ಬೆಳಕು ಹರಿದಾಗ ಕೋಳಿಗಳು ಎದ್ದವು. ಕಚೇರಿ ಇನ್ನೂ ಎದ್ದಿರಲಿಲ್ಲ. ಸ್ಟೋರಪ್ಪ ಬಂದು ಕುರ್ಚಿ ಹಾಕಿಕೊಂಡು ಕೂರುವಷ್ಟರಲ್ಲಿ ಕೋಳಿಗಳು ಹಿತ್ತಲ ಬಾಗಿಲನ್ನು ಕುಕ್ಕಿ ಬಣ್ಣ ಎಬ್ಬಿಸಿದ್ದವು. ಟೈಲರಮ್ಮ ಬೋಗುಣಿ ಹಿಡಿದು ಹೋದರು.

"ಫಲಾನುಭವಿಗಳೇ ಬರಬೇಕಲ್ಲಮ್ಮ" ಎಂದರು ಸ್ಟೋರಪ್ಪ.

"ಯಾರು?"

"ಕೋಳಿಗಳು. ಅವರ ಆಹಾರ ನೀವು ಹೇಗೆ ತಗೋತೀರಿ? ನಾಳೆ ಅವರು ನಮಗೆ ಸಿಗಲಿಲ್ಲ ಅಂದ್ರೆ ನಾನೇನು ಹೇಳ್ಲಿ?"

ಟೈಲರಮ್ಮ ಕೋಳಿಗಳನ್ನು ಒಂದೊಂದಾಗಿ ಎತ್ತಿಕೊಂಡು ಬಂದು ಸಾಲಾಗಿ ನಿಲ್ಲಿಸಿದರು. ಸಾಲು ನಿಲ್ಲಲಿಲ್ಲ. ಕಂಡಕ್ಟರು ಬಂದು ನಿಲ್ಲಿಸಿದರು. ಸ್ಟೋರಪ್ಪ ಪ್ರತಿ ಕೋಳಿಯ ಎಡಗಾಲಿಗೆ ಶಾಯಿ ಹಚ್ಚಿ ಗುರುತು ಒತ್ತಿಸಿಕೊಂಡರು. ಚುಕ್ಕಿ ಎಂಬ ಕೋಳಿ ಎರಡೂ ಕಾಲಿನಲ್ಲಿ ಒತ್ತಿ ಗೊಂದಲ ಮಾಡಿತು. ಎಲ್ಲ ಮುಗಿದ ಮೇಲೆ ಸ್ಟೋರಪ್ಪ ಎದ್ದು, ಕಿಟಕಿಯಿಂದ ಆಕಾಶ ನೋಡಿ, ಮತ್ತೆ ಕೂತರು.

"ಮೋಡ ಇದೆ. ಗಾಳೀಲಿ ತೇವ ಇರೋವಾಗ ಮುಚ್ಚಳ ತೆಗೆಯೋ ಹಾಗಿಲ್ಲ."

"ಮಳೆಗಾಲ ಅಲ್ವೇನ್ರಿ! ಮೋಡ ಇರದೆ ಇನ್ನೇನಿರುತ್ತೆ?"

"ಅದಕ್ಕೇ ಅಮ್ಮ, ಮಳೆಗಾಲದಲ್ಲಿ ನಮ್ಮ ಇಲಾಖೆಯ ಸಾಧನೆ ತುಂಬಾ ಚೆನ್ನಾಗಿರುತ್ತೆ."

ಟೈಲರಮ್ಮ ಅವತ್ತಿನಿಂದ ಅಡುಗೆಮನೆಯ ಅನ್ನ, ಸೊಪ್ಪಿನ ದಂಟು, ತರಕಾರಿ ಸಿಪ್ಪೆ ಕೋಳಿಗಳಿಗೆ ಹಾಕಿದರು. ಸ್ಟೋರಪ್ಪ ಕಂಡೂ ಕಾಣದ ಹಾಗೆ ಇರುತ್ತಿದ್ದರು. ಆದರೆ ಸಂಚಾರಿ ತಪಾಸಣೆಯವರು ಬಂದವರೇ, ಕೋಳಿಗಳು ತಿನ್ನುವ ಪದಾರ್ಥ ಅಡುಗೆಮನೆಯಲ್ಲಿ ಇರುವುದರಿಂದ ಅಡುಗೆಮನೆಯೂ ಕೋಳಿ ಆಹಾರದ ದಾಸ್ತಾನು ಕೋಣೆಯೇ ಎಂದು ತೀರ್ಮಾನಿಸಿ, ಅಕ್ಕಿ ಡಬ್ಬಕ್ಕೂ ಬೀಗ ಹಾಕಿಸಿದರು. ಮನೆಯವರಿಗೆ ಅಕ್ಕಿ ಬೇಕಾದರೆ ಬೇಡಿಕೆ ಬರೆದುಕೊಟ್ಟು ಪಡೆಯಬಹುದಿತ್ತು. ಕಂಡಕ್ಟರು ಮೊದಲ ದಿನ ಬೇಡಿಕೆಯನ್ನು ದುಂಡಗೆ ಬರೆದರು. ನಾಲ್ಕನೆಯ ದಿನ ಅಕ್ಷರ ಸೊರಗಿತ್ತು.

ಕೋಳಿಗಳು ಸೊರಗಿದವು. ಮೊಟ್ಟೆ ನಿಂತುಹೋಯಿತು. ಹಿತ್ತಲಲ್ಲಿ ಕೆದಕಿ ಸಿಕ್ಕ ಹುಳಹುಪ್ಪಟೆ ಎಷ್ಟಕ್ಕೆ ಸಾಕು? ಮಧ್ಯಾಹ್ನ ಸ್ಟೋರಪ್ಪ ತಮ್ಮ ಡಬ್ಬಿ ಹಿಡಿದು ಹಿತ್ತಲಿಗೆ ಹೋಗಿ ಅರ್ಧ ಊಟವನ್ನು ಕೈತಪ್ಪಿ ಚೆಲ್ಲಿಕೊಳ್ಳುತ್ತಿದ್ದರು. ದಿನಾ ಕೈತಪ್ಪುತ್ತಿತ್ತು. "ನನ್ನ ಊಟ ಉಗ್ರಾಣದ ವ್ಯಾಪ್ತಿಗೆ ಬರಲ್ಲ, ಕೇಳಿ ತಿಳ್ಕೊಂಡಿದ್ದೀನಿ" ಎಂದು ಟೈಲರಮ್ಮನಿಗೆ ತಗ್ಗಿದ ದನಿಯಲ್ಲಿ ಹೇಳಿದರು. ಕೋಳಿಗಳು ಬದುಕಿದ್ದರೆ ಆ ಡಬ್ಬಿಯಿಂದ.

ಟೈಲರಮ್ಮ ಮಿಷನ್ನಿಗೆ ಬಟ್ಟೆ ಹೊದಿಸಿ ನೇರವಾಗಿ ಇಲಾಖೆಗೆ ಹೋದರು. ಮೇಲಧಿಕಾರಿಗಳು ಬಹಳ ಮರ್ಯಾದಸ್ಥರು. ಎದ್ದು ಕುರ್ಚಿ ತೋರಿಸಿದರು. ಅವರ ಹಿಂದಿನ ಗೋಡೆಯ ಮೇಲೆ ದಾಸ್ತಾನು ನಷ್ಟಕ್ಕೆ ಕಾರಣಗಳ ಚಿತ್ರಪಟವಿತ್ತು. ಹುಳಕ್ಕೆ ಒಂದು ಗಿಡ್ಡ ಕಂಬ, ತೇವಕ್ಕೆ ಸ್ವಲ್ಪ ಎತ್ತರದ್ದು, ಇಲಿಗೆ ಇನ್ನೂ ಎತ್ತರದ್ದು. ಕೊನೆಯ ಕಂಬ ಪಟದ ಅಂಚು ದಾಟಿ ಗೋಡೆಯ ಮೇಲೂ ಏರಿತ್ತು. ಅದರ ಕೆಳಗೆ ಕೋಳಿಯ ಚಿತ್ರವಿತ್ತು.

"ನೋಡಿದ್ರಾ?" ಎಂದರು ಮೇಲಧಿಕಾರಿಗಳು ನೋವಿನಿಂದ. "ಇಷ್ಟು ವರ್ಷ ಇಲೀನ ಹಿಡೀತಿದ್ವಿ. ಅಸಲಿ ಕಾರಣ ಗೊತ್ತಾಗಿದ್ದು ಈಗ."

"ಸಾಹೇಬ್ರೆ, ಅದು ಕೋಳಿಗೇ ಅಂತ ತಂದಿರೋ ಆಹಾರ ಅಲ್ವಾ?"

"ಖಂಡಿತ ಕೋಳಿಗೇ ಅಮ್ಮ. ಅದಕ್ಕೇ ಕೋಳಿಯಿಂದ ಕಾಪಾಡ್ತಾ ಇದ್ದೀವಿ."

ಟೈಲರಮ್ಮ ಕುರ್ಚಿಯಿಂದ ಎದ್ದರು. "ನಿಮ್ಮ ಡ್ರಮ್ಮು ನೀವೇ ತಗೊಂಡು ಹೋಗಿ."

"ಧಾರಾಳವಾಗಿ. ಆದ್ರೆ ಖಾಲಿ ಡ್ರಮ್ಮು ಮಾತ್ರ ವಾಪಸ್ ತಗೋತೀವಿ. ನಿಮ್ಮದು ತುಂಬಿದೆ."

"ಖಾಲಿ ಮಾಡಿ ಕೊಡ್ತೀನಿ."

"ಖಾಲಿ ಮಾಡೋಕೆ ತೆಗೀಬೇಕಲ್ಲಮ್ಮ" ಎಂದು ಮೇಲಧಿಕಾರಿಗಳು ಮೃದುವಾಗಿ ನೆನಪಿಸಿ, ಅದೇ ಉಸಿರಲ್ಲಿ ಶುಭ ಸಮಾಚಾರ ಹೇಳಿದರು. ಟೈಲರಮ್ಮನ ಮನೆಯಲ್ಲಿ ಒಂದು ಕಾಳೂ ಹಾಳಾಗದ ಕಾರಣ ಅದು ಶೂನ್ಯ ನಷ್ಟ ಪ್ರಶಸ್ತಿಗೆ ಆಯ್ಕೆಯಾಗಿತ್ತು. ಪ್ರಶಸ್ತಿ ಫಲಕ ಕೆತ್ತಿಸಿಯೂ ಆಗಿತ್ತು. ಬಿಸಿಲು ಬಂದ ಮೊದಲ ದಿನ ಅತಿಥಿಗಳ ಎದುರಿಗೆ ಡ್ರಮ್ಮು ತೆರೆದು ತೋರಿಸಿ, ಮತ್ತೆ ಮುಚ್ಚುವುದು.

ಟೈಲರಮ್ಮ ಮನೆಗೆ ಬಂದು ಹಿತ್ತಲಿಗೆ ಹೋದರು. ಚುಕ್ಕಿ ಗೂಡಿನ ಕೋಲಿಗೆ ಹಾರಲು ಹೋಗಿ ಜಾರಿ, ಅಲ್ಲೇ ನೆಲದ ಮೇಲೆ ಕೂತಿತ್ತು. ಎತ್ತಿಕೊಂಡರೆ ಅದರ ಎದೆಮೂಳೆ ಕತ್ತರಿಯ ಅಲಗಿನ ಹಾಗೆ ಅಂಗೈಗೆ ತಾಗಿತು. ಟೈಲರಮ್ಮ ಬೋರಲು ಬಿದ್ದ ಬಕೆಟ್ಟಿನ ಮೇಲೆ ಕೂತು, ಕೋಳಿಯನ್ನು ಮಡಿಲಲ್ಲಿ ಹಾಕಿಕೊಂಡು ಅತ್ತರು. ಕಂಡಕ್ಟರು ಎಂದಿನಂತೆ ಎಣಿಸಲು ಬಂದರು.

"ಆರೂ ಇದೆ" ಎಂದರು ಏನಾದರೂ ಹೇಳಬೇಕಲ್ಲ ಎಂದು.

"ತಲೆ ಆರು ಇದೆ. ತೂಗಿ ನೋಡಿ, ಮೂರು ಕೋಳಿಯಷ್ಟೂ ಇಲ್ಲ." ಟೈಲರಮ್ಮ ಸೆರಗಿನಿಂದ ಮೂಗು ಒರೆಸಿಕೊಂಡರು. "ರೀ, ಅಷ್ಟು ವರ್ಷ ಬಸ್ಸಲ್ಲಿದ್ರಲ್ಲ, ಒಂದು ಮಾತು ಹೇಳಿ. ಬಸ್ಸು ಓಡ್ತಿದ್ದಿದ್ದು ಟಿಕೆಟ್ಟಿಗಾ, ಜನಕ್ಕಾ?"

 ಕಂಡಕ್ಟರು ಅವತ್ತು ಸಂಜೆ ಮುಂದೆ ಜಾಗ ಇದೆ ಎನ್ನಲಿಲ್ಲ. ಕೋಳಿಗಳನ್ನು ಒಂದೊಂದಾಗಿ ಎತ್ತಿ ಕೋಲಿನ ಮೇಲೆ ಕೂರಿಸಿ, ಬಹಳ ಹೊತ್ತು ಅಗುಳಿ ಹಿಡಿದುಕೊಂಡೇ ನಿಂತಿದ್ದರು.

ಬಿಸಿಲು ಬಂತು. ಮಲಗುವ ಕೋಣೆಯಲ್ಲಿ ಅತಿಥಿಗಳಿಗೆ ಜಾಗ ಸಾಲದ ಕಾರಣ ಡ್ರಮ್ಮನ್ನು ಮಂಚದ ಸಮೇತ ಹೊತ್ತು ಹಿತ್ತಲಿಗೆ ತಂದರು. ಶಾಮಿಯಾನ ಹಾಕಿದರು, ಮೈಕು ಇಟ್ಟರು. ಫಲಾನುಭವಿಗಳು ಸಮಾರಂಭಕ್ಕೆ ಅಡ್ಡಿ ಮಾಡಬಾರದೆಂದು ಗೂಡಿನೊಳಗೆ ಕೂಡಿ, ಬಾಗಿಲ ಹತ್ತಿರ ಕಂಡಕ್ಟರನ್ನು ನಿಲ್ಲಿಸಿದರು. ಬೀದಿಯವರೆಲ್ಲ ಬಂದರು. ಅವರ ಕೋಳಿಗಳು ಗೋಡೆಯ ಮೇಲೆ ಕೂತವು. ಸ್ಟೋರಪ್ಪ ಅರಗು ಒಡೆದು ಬೀಗ ತೆಗೆದು ಮುಚ್ಚಳ ಎತ್ತಿದರು.

ಒಳಗೆ ಆಹಾರ ಜೀವಂತವಾಗಿತ್ತು. ಇಷ್ಟು ದಿನ ಯಾರೂ ಮುಟ್ಟದ ಕಾಳಿನಲ್ಲಿ ಹುಳಗಳು ಸಂಸಾರ ಹೂಡಿ, ಮಕ್ಕಳು ಮೊಮ್ಮಕ್ಕಳನ್ನು ಕಂಡು, ಡ್ರಮ್ಮಿನ ಅಂಚಿನವರೆಗೂ ಓಡಾಡುತ್ತಿದ್ದವು.

ಮೇಲಧಿಕಾರಿಗಳು ಬಗ್ಗಿ ನೋಡಿದರು. "ನೋಡಿ, ಎಂಥ ಚಟುವಟಿಕೆ!" ಎಂದು ಮೈಕಿನಲ್ಲಿ ಹೇಳಿ ಭಾಷಣ ಶುರುಮಾಡಿದರು.

ಕಂಡಕ್ಟರು ಹೆಂಡತಿಯನ್ನು ನೋಡಿದರು. ಟೈಲರಮ್ಮ ಕಣ್ಣನ್ನೂ ಮಿಟುಕಿಸಲಿಲ್ಲ. ಕಂಡಕ್ಟರು ಗಂಟಲು ಸರಿಮಾಡಿಕೊಂಡು, "ಇಳಿಯೋರು ಇಳೀರಿ" ಎಂದು ಅಗುಳಿ ಎತ್ತಿದರು.

ಆರು ಕೋಳಿಗಳು ಅತಿಥಿಗಳ ಕಾಲ ಸಂದಿಯಲ್ಲಿ ನುಗ್ಗಿ ಮಂಚ ಹತ್ತಿದವು. ಡ್ರಮ್ಮು ಉರುಳಿತು. ಕಾಳು, ಹುಳ, ಎಲ್ಲ ಹಿತ್ತಲ ತುಂಬ ಚೆಲ್ಲಾಡಿತು. ಗೋಡೆಯ ಮೇಲಿದ್ದ ಬೀದಿಯ ಕೋಳಿಗಳು ಕ್ಷಣವೂ ಯೋಚಿಸದೆ ಕೆಳಗಿಳಿದವು. ಸ್ಟೋರಪ್ಪ ಮುಚ್ಚಳ ಹಿಡಿದುಕೊಂಡು ಎರಡು ಹೆಜ್ಜೆ ಮುಂದೆ ಬಂದು, ಮುಚ್ಚಬೇಕಾದದ್ದು ಯಾವುದನ್ನೆಂದು ತಿಳಿಯದೆ ನಿಂತರು. ಅಧಿಕಾರಿಗಳ ಭಾಷಣವನ್ನು ನಡುವೆ ನಿಲ್ಲಿಸಲು ಇಲಾಖೆಯಲ್ಲಿ ಅವಕಾಶವಿಲ್ಲ. ಹೀಗಾಗಿ ಭಾಷಣ ನಡೆಯಿತು, ಊಟವೂ ನಡೆಯಿತು. ಭಾಷಣ ದೀರ್ಘವಾಗಿತ್ತು. ಮೇಲಧಿಕಾರಿಗಳು ಅದನ್ನು ಓದಿ ಮುಗಿಸಿ ಕನ್ನಡಕ ತೆಗೆದಾಗ ನೆಲದಲ್ಲಿ ಒಂದು ಕಾಳೂ ಇರಲಿಲ್ಲ. ಚುಕ್ಕಿ ಪ್ರಶಸ್ತಿ ಫಲಕದ ಮೇಲೆ ಕೂತು ಕೊಕ್ಕು ತಿಕ್ಕಿಕೊಳ್ಳುತ್ತಿತ್ತು.

 ಸ್ಟೋರಪ್ಪ ಮುಚ್ಚಳವನ್ನು ಎದೆಗೊತ್ತಿಕೊಂಡರು.  ಕೋಳಿಗಳನ್ನು ಜಪ್ತಿ ಮಾಡಿಯಾರು, ಗಂಡನನ್ನೂ ಜೊತೆಗೆ ಒಯ್ದಾರು ಎಂದು ಟೈಲರಮ್ಮ ಸೆರಗು ಬಿಗಿಹಿಡಿದು ನಿಂತರು.

ಮೇಲಧಿಕಾರಿಗಳು ಫಲಕದಲ್ಲಿ ಕೆತ್ತಿದ್ದ ಅಕ್ಷರಗಳನ್ನು ನೋಡಿದರು, ಕೋಳಿಗಳ ಉಬ್ಬಿದ ಗಂಟಲನ್ನು ನೋಡಿದರು. ಮತ್ತೆ ಮೈಕಿಗೆ ಬಾಯಿ ತಂದರು.

"ಸಾರ್ವಜನಿಕರು ಗಾಬರಿಯಾಗಬೇಕಾಗಿಲ್ಲ. ದಾಸ್ತಾನು ನಷ್ಟವಾಗಿಲ್ಲ. ಸ್ಥಳಾಂತರವಾಗಿದೆ."

ಚಪ್ಪಾಳೆ ಬಿತ್ತು. ಮೊದಲು ತಟ್ಟಿದವರು ಸ್ಟೋರಪ್ಪ.

ಮುಂದಿನ ವಾರ ಸುತ್ತೋಲೆ ಬಂತು. ಕಂಡಕ್ಟರು ಎದ್ದು ನಿಂತು ಓದಿದರು. ಸದರಿ ಬೀದಿಯ ಎಲ್ಲ ಕೋಳಿಗಳನ್ನೂ ಇಲಾಖೆಯ ಸಂಚಾರಿ ಉಗ್ರಾಣಗಳೆಂದು ಘೋಷಿಸಲಾಗಿತ್ತು. ಉಗ್ರಾಣಗಳನ್ನು ಖಾಲಿ ಬಿಡತಕ್ಕದ್ದಲ್ಲ. ಡ್ರಮ್ಮು ಇನ್ನು ಮುಂದೆ ಕೇಂದ್ರ ಉಗ್ರಾಣವಾಗಿದ್ದು, ಅದು ಖಾಲಿ ಇರುವುದರಿಂದ ಅದರಲ್ಲಿ ಶಾಶ್ವತವಾಗಿ ನಷ್ಟ ಸಂಭವಿಸದು. ಆದಕಾರಣ ಅದನ್ನು ಮಲಗುವ ಕೋಣೆಯ ಮಂಚದ ಮೇಲೆ ಮರಳಿ ಇಡತಕ್ಕದ್ದು, ಅಲ್ಲಿಂದ ಕದಲಿಸತಕ್ಕದ್ದಲ್ಲ. ಅಕ್ಕಿ ಡಬ್ಬದ ವಿಚಾರ ಸುತ್ತೋಲೆಯಲ್ಲಿ ಬಿಟ್ಟುಹೋಗಿದ್ದರಿಂದ ಸ್ಟೋರಪ್ಪ ಅದರ ಬೀಗವನ್ನು ತೆಗೆದು ಜೇಬಿಗೆ ಹಾಕಿಕೊಂಡರು.

ಸ್ಟೋರಪ್ಪ ಈಗ ಬೆಳಕು ಹರಿಯುವ ಮೊದಲೇ ಓಡಿಬರತೊಡಗಿದರು. ಒಂದೊಂದು ಕೋಳಿಯ ಗಂಟಲ ಚೀಲವನ್ನೂ ಮುಟ್ಟಿ ನೋಡಿ, "ಅಮ್ಮ, ಈ ಉಗ್ರಾಣ ಅರ್ಧಕ್ಕೆ ಬಂದಿದೆ, ಬೇಗ ಹಾಕಿ!" ಎಂದು ಅವಸರ ಮಾಡುತ್ತಿದ್ದರು. ಹಾಕುವ ಕಾಳನ್ನು ಟೈಲರಮ್ಮ ಮೆಟ್ಟಿಲ ಕೆಳಗೆ ಎರಡು ಇಟ್ಟಿಗೆ, ಒಂದು ಹಲಗೆ, ಅದರ ಮೇಲೊಂದು ಹಳೇ ತಗಡಿನ ಪೆಟ್ಟಿಗೆ ಇಟ್ಟು ಅದರಲ್ಲಿ ತುಂಬಿ, ಮುಚ್ಚಳಕ್ಕೆ ಗುಂಡುಕಲ್ಲು ಹೇರಿದ್ದರು. ತೇವ ಏರಲಿಲ್ಲ, ಇಲಿ ಹತ್ತಲಿಲ್ಲ, ಹುಳ ಬೀಳುವಷ್ಟು ದಿನ ಕಾಳು ಉಳಿಯಲಿಲ್ಲ. ಅದನ್ನು ಇಲಾಖೆಯ ಯಾರೂ ಗಮನಿಸಲಿಲ್ಲ, ಯಾಕೆಂದರೆ ಅದು ಉಗ್ರಾಣವಾಗಿರಲಿಲ್ಲ.

ಹೊಟ್ಟೆ ತುಂಬಿದ ಕೋಳಿಗಳು ಮತ್ತೆ ಮೊಟ್ಟೆ ಇಟ್ಟವು. ಸ್ಟೋರಪ್ಪ ಗಾಬರಿಯಿಂದ ಮೇಲಕ್ಕೆ ಬರೆದರು. ಮೇಲಿನಿಂದ ಉತ್ತರ ಬಂತು: ಉಗ್ರಾಣದಿಂದ ಹೊರಬೀಳುವ ಯಾವುದೇ ಪದಾರ್ಥ ಸೋರಿಕೆ ಎನಿಸಿಕೊಳ್ಳುತ್ತದೆ. ಸೋರಿದ್ದನ್ನು ಮನೆಯವರೇ ಆಯಾ ದಿನ ವಿಲೇವಾರಿ ಮಾಡತಕ್ಕದ್ದು.

ಟೈಲರಮ್ಮ ಆಯಾ ದಿನ ವಿಲೇವಾರಿ ಮಾಡಿದರು. ಕಾದ ಬಾಣಲೆಯಲ್ಲಿ, ಈರುಳ್ಳಿ ಹಾಕಿ. ಸ್ಟೋರಪ್ಪ ಸಾಕ್ಷಿಯಾಗಿ ಹಾಜರಿರಬೇಕಾಗಿತ್ತು. ತಟ್ಟೆ ಹಿಡಿದು ಹಾಜರಿದ್ದರು. "ಇವತ್ತು ಸೋರಿಕೆ ಸ್ವಲ್ಪ ಜಾಸ್ತೀನೇ" ಎಂದು ಕಂಡಕ್ಟರು ಕಳವಳದಿಂದ ಹೇಳುತ್ತ ಇನ್ನೊಂದು ತುಂಡು ಹಾಕಿಸಿಕೊಳ್ಳುತ್ತಿದ್ದರು.

ಆದರೆ ಇಲಾಖೆ ಸೋರಿಕೆಯನ್ನು ಹಗುರವಾಗಿ ತೆಗೆದುಕೊಳ್ಳಲಿಲ್ಲ. ವ್ಯಾನು ಮತ್ತೆ ಬಂತು. "ನಿಮ್ಮ ಕೋಳಿ ಸೋರುತ್ತಿದೆಯೇ? ನಾಚಿಕೆ ಬೇಡ, ಮಾಹಿತಿ ಕೊಡಿ!" ಆ ವರ್ಷದ ಪ್ರಶಸ್ತಿ ಎದುರುಮನೆ ಬಡಗಿಯ ಮುದಿ ಕೋಳಿಗೆ ಹೋಯಿತು. ಅದು ಮೊಟ್ಟೆ ಇಡುವುದನ್ನು ಬಿಟ್ಟು ಎಷ್ಟೋ ಕಾಲವಾಗಿತ್ತು. ಅದಕ್ಕೆ ಶಾಲು ಹೊದಿಸಿದರು. ಅದು ಶಾಲಿನೊಳಗೇ ನಿದ್ದೆ ಹೋಯಿತು. ಊರಲ್ಲಿ ಎಲ್ಲರಿಗೂ ಅಂಥ ಕೋಳಿ ಬೇಕಾಯಿತು. ಸಂತೆಯಲ್ಲಿ ಮೊಟ್ಟೆ ಇಡದ ಕೋಳಿಗೆ ಬೆಲೆ ಏರಿತು. ದಿನಾ ಮೊಟ್ಟೆ ಇಡುವ ಹೆಣ್ಣುಕೋಳಿಗಳನ್ನು ಮಾರುವವರು ಬುಟ್ಟಿ ಮುಚ್ಚಿಕೊಂಡು ಹಿಂದಿನ ಸಾಲಿನಲ್ಲಿ ಕೂರತೊಡಗಿದರು.

ಟೈಲರಮ್ಮ ಒಂದು ದಿನ ಚೀಲ ಹಿಡಿದು ಆ ಹಿಂದಿನ ಸಾಲಿಗೆ ಹೋದರು. ಒಬ್ಬಳ ಬುಟ್ಟಿಯ ಬಟ್ಟೆ ಸರಿಸಿ ನೋಡಿದರು. ಕೆಂಪು ಜುಟ್ಟಿನ, ಹೊಳೆಯುವ ಗರಿಯ ಎರಡು ಹೆಣ್ಣುಕೋಳಿಗಳು.

"ಸೋರುತ್ತಾ?" ಎಂದು ಕೇಳಿದರು.

ಮಾರುವವಳು ಅತ್ತಿತ್ತ ನೋಡಿ ತಲೆ ತಗ್ಗಿಸಿದಳು. "ನಿಮ್ಮ ಹತ್ರ ಸುಳ್ಳು ಯಾಕಕ್ಕಾ. ಎರಡೂ ದಿನಾ ಸೋರುತ್ತೆ."

"ದಿನಾನಾ!" ಟೈಲರಮ್ಮ ನಾಲಿಗೆ ಲೊಚಗುಟ್ಟಿದರು. "ಇಂಥದನ್ನ ತಗೊಂಡು ನಾನೇನ್ ಮಾಡ್ಲೇ? ಬೀದೀಲಿ ತಲೆ ಎತ್ತಿ ಓಡಾಡೋದು ಹೇಗೆ?"

"ಕೇಳಿದಷ್ಟಕ್ಕೆ ಕೊಡ್ತೀನಿ ಅಕ್ಕಾ. ಪುಣ್ಯ ಬರುತ್ತೆ, ಯಾರೂ ಕೊಳ್ಳೋರಿಲ್ಲ."

ಟೈಲರಮ್ಮ ಬಹಳ ಹೊತ್ತು ಯೋಚಿಸಿದರು. ಒಂದು ಹೆಜ್ಜೆ ಹೋಗಿ, ಮತ್ತೆ ಬಂದು, ನಿಟ್ಟುಸಿರು ಬಿಟ್ಟು, ಎರಡನ್ನೂ ಕಂಕುಳಲ್ಲಿ ಇರುಕಿಕೊಂಡರು.